ತಿಮಿಂಗಿಲ ಹಾದುಹೋಗುವವರೆಗೆ

ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳ ಗ್ರಂಥಾಲಯದ ಆಯ್ಕೆ ಸಮಿತಿ ಒಂದು ಪುಸ್ತಕವನ್ನು ತಿರಸ್ಕರಿಸಿತು. ಸಮಿತಿ ಎಂದರೆ ಇಬ್ಬರೇ: ಗ್ರಂಥಪಾಲಕಿ ಮತ್ತು ಒಬ್ಬ ನಿವೃತ್ತ ಮೇಷ್ಟ್ರು. ಬಂದ ಪುಸ್ತಕಗಳನ್ನೆಲ್ಲ ಕತ್ತರಿಸಿಹಾಕುತ್ತಾರೆಂದು ಅವರಿಗೆ ಕತ್ತರಿ ಮೇಷ್ಟ್ರು ಎಂದೇ ಹೆಸರು.

ಆಗಷ್ಟೇ ತಾವಾಗಿ ಓದಲು ಕಲಿತ ಮಕ್ಕಳಿಗೆಂದು ಬರೆದ ಪುಸ್ತಕಗಳು ಅವು. ಚಿಕ್ಕ ಚಿಕ್ಕ ಅಧ್ಯಾಯ, ದಪ್ಪ ಅಕ್ಷರ, ಅಲ್ಲಲ್ಲಿ ಚಿತ್ರ. ಆಯ್ಕೆಯಾಗದ ಪ್ರತಿಗಳು ಐದು ಗಂಟೆಯ ಕೊರಿಯರ್‌ನಲ್ಲಿ ಪ್ರಕಾಶಕರಿಗೆ ವಾಪಸ್ ಹೋಗಬೇಕಿತ್ತು. ಪರೀಕ್ಷೆಯ ಕ್ರಮ ಮೇಷ್ಟ್ರದ್ದೇ. ಮಗು ಕೂತು ಓದಬೇಕು. ಪುಟದಿಂದ ಕಣ್ಣೆತ್ತಿದಾಗಲೆಲ್ಲ ಒಂದು ಗೀಟು. ಗೀಟು ಹೆಚ್ಚಾದರೆ ಮನಸ್ಸು ನಿಲ್ಲಲಿಲ್ಲವೆಂದು ಅರ್ಥ.

ಆ ದಿನ ಓದಿದವಳು ಗ್ರಂಥಪಾಲಕಿಯ ಅಣ್ಣನ ಮಗಳು, ಗುಬ್ಬಿ. ತರಗತಿಯಲ್ಲಿ ಎಲ್ಲರಿಗಿಂತ ತಡವಾಗಿ ಓದು ಹತ್ತಿದವಳು. ಅಲ್ಲಿಯವರೆಗೆ ಒಂದು ಪುಸ್ತಕವನ್ನೂ ಒಬ್ಬಳೇ ಮುಗಿಸಿರಲಿಲ್ಲ. ಇದರಲ್ಲಿ ಎರಡೇ ಅಧ್ಯಾಯ ಉಳಿದಿದ್ದವು.

"ಪುಟಕ್ಕೊಂದು ಸಲ ಮೇಲೆ ನೋಡ್ತಾಳಲ್ಲಮ್ಮ. ಕಥೇಲಿ ಹುರುಳಿಲ್ಲ, ಕಟ್ಟಿಡು," ಎಂದರು ಮೇಷ್ಟ್ರು.

ಗುಬ್ಬಿ ಪುಸ್ತಕವನ್ನು ಎದೆಗವಚಿಕೊಂಡಳು. "ಅತ್ತೆ, ನಾನು ಕೊಡಲ್ಲ. ನಂದಿನ್ನೂ ಮುಗಿದಿಲ್ಲ."

"ಮತ್ತೆ ಓದೋದು ಬಿಟ್ಟು ಏನು ನೋಡ್ತಿದ್ದೆ? ಮೇಲೆ ಕೋತಿ ಕುಣೀತಿತ್ತಾ?" ಎಂದು ಕೇಳಿದರು ಮೇಷ್ಟ್ರು.

"ತಿಮಿಂಗಿಲ ಹೋಗ್ತಿತ್ತು."

ಪುಸ್ತಕದಲ್ಲಿ ಒಂದು ತಿಮಿಂಗಿಲ ಊರಿನ ಮೇಲೆ ತೇಲಿಹೋಗುತ್ತದೆ, ಅಧ್ಯಾಯಕ್ಕೊಂದು ಬೀದಿ.

"ಅದು ದೊಡ್ಡದಲ್ವಾ, ನಿಧಾನ," ಎಂದಳು ಗುಬ್ಬಿ. "ಪೂರ್ತಿ ಹೋಗೋ ಮೊದ್ಲೇ ಪುಟ ತಿರುವಿದ್ರೆ ಬಾಲ ಸಿಕ್ಕಾಕೊಳ್ಳುತ್ತೆ."

ಮೇಷ್ಟ್ರು ನಕ್ಕರು. "ನಿನ್ನ ಸೊಸೆ ಅಂಗೈಯಲ್ಲೇ ಆಕಾಶ ತೋರಿಸ್ತಾಳೆ ಕಣಮ್ಮ."

"ನೀವೇ ಒಂದು ಅಧ್ಯಾಯ ಓದಿ ನೋಡಿ, ಮೇಷ್ಟ್ರೇ. ಗೀಟು ನಾನು ಹಾಕ್ತೀನಿ," ಎಂದಳು ಗ್ರಂಥಪಾಲಕಿ.

"ನಂಗಾ? ಹಾಕು, ಹಾಕು."

ಗುಬ್ಬಿ ಹಿಂದೆಮುಂದೆ ನೋಡಿದಳು. "ನನ್ನ ಪುಟ ತಪ್ಪಿಸಬಾರ್ದು." ಅವಳ ಬೆರಳಿದ್ದ ಜಾಗದಲ್ಲಿ ತಮ್ಮ ಬೆರಳಿಟ್ಟುಕೊಂಡು ಮೇಷ್ಟ್ರು ಮೊದಲ ಅಧ್ಯಾಯ ತೆರೆದರು.

ಮೇಜಿನ ಮೇಲಿನ ನೀರಿನ ಜಗ್ಗಿಗೆ ಬಿಸಿಲು ಬಿದ್ದು ಚಾವಣಿಯ ತುಂಬ ಬೆಳಕು ಅಲೆಯಾಡುತ್ತಿತ್ತು. ದೂಳಿನ ಕಣಗಳು ಇಳಿಯುವ ಗೋಜಿಗೇ ಹೋಗದೆ ತೇಲುತ್ತಿದ್ದವು. ಮೇಷ್ಟ್ರು ಒಂದು ಪುಟ ಓದಿದರು, ಎರಡು ಓದಿದರು. ಹೊರಗೆ ಮೋಡ ಅಡ್ಡ ಬಂದಿರಬೇಕು. ಕಿಟಕಿಯ ಕಡೆಯಿಂದ ಚಾವಣಿ ಮಂಕಾಗತೊಡಗಿತು. ಆ ನೆರಳು ಕಪಾಟುಗಳ ಮೇಲೆ ಹಾದು, ಗಡಿಯಾರ ದಾಟಿ, ಅವಸರವಿಲ್ಲದೆ ಬಾಗಿಲ ಕಡೆ ಸರಿಯಿತು. ಕೋಣೆಯಲ್ಲಿ ನೀರಿನೊಳಗಿನಂಥ ಮೌನ.

ಮೇಷ್ಟ್ರು ತಲೆಯೆತ್ತಿ ಕೂತಿದ್ದರು. ಪುಟದ ತುದಿ ಅವರ ಬೆರಳುಗಳ ನಡುವೆ ಅರ್ಧ ಎದ್ದು ನಿಂತಿತ್ತು.

"ಮೇಷ್ಟ್ರೇ, ಒಂದು ಗೀಟು," ಎಂದಳು ಗ್ರಂಥಪಾಲಕಿ. "ಯಾಕೆ, ಪುಟ ತಿರುವಲ್ವಾ?"

"ತಡಿಯಮ್ಮ," ಎಂದರು ಅವರು ಮೆಲ್ಲಗೆ. "ಇನ್ನೂ ಹೋಗ್ತಾ ಇದೆ."

"ಬಾಲ ದಾಟ್ಲಿ ತಾತ, ಹೇಳ್ತೀನಿ," ಎಂದಳು ಗುಬ್ಬಿ.

ಐದು ಗಂಟೆಗೆ ಕೊರಿಯರ್‌ನವನು ಬಂದು ಕಟ್ಟು ಒಯ್ದ. ತಿಮಿಂಗಿಲದ ಪುಸ್ತಕ ಅದರಲ್ಲಿರಲಿಲ್ಲ. ಗುಬ್ಬಿ ಅದನ್ನು ಕತ್ತಲಾಗುವ ಮುಂಚೆ ಓದಿ ಮುಗಿಸಿದಳು.