ಅತ್ತೆಯ ಹೆಪ್ಪು

ಕ್ಯಾಸಂಬಳ್ಳಿ ಮಹಿಳಾ ಸಂಘದ ವೆಂಕಟರತ್ನಮ್ಮನಿಗೆ ಅತ್ತೆ ಬಿಟ್ಟುಹೋದ ಆಸ್ತಿಯೆಂದರೆ ಒಂದು ಕುಡಿಕೆ ಹೆಪ್ಪು. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು ಅದರದು. ಮುಚ್ಚಳ ತೆಗೆದರೆ ಈಗಲೂ ಅತ್ತೆಯ ಸೆರಗಿನ ವಾಸನೆ ಬರುತ್ತದೆಂದು ಅವಳು ನಂಬಿದ್ದಳು. ನಂಬಲಿ ಬಿಡಿ, ನಮ್ಮ ಗಂಟೇನು ಹೋಯಿತು?

ಹೋದ ವರ್ಷ ಉರಿಗಾಂನ ಮುಚ್ಚಿದ ಚಿನ್ನದ ಗಣಿಯ ಕೂಲಿ ಲೈನಿನ ಸಂಘದಿಂದ ಮಾರಿಯಮ್ಮ ಬಂದಳು. ಇವರ ಹಾಲು, ಹೆಪ್ಪು. ಅವರ ರಾಗಿ ಅಂಬಲಿ. ಎರಡು ಸಂಘದ ಕೈ ಸೇರಿ, ಉರಿಬಿಸಿಲಲ್ಲೂ ಹುಳಿಯೇರದ ಮಜ್ಜಿಗೆಯಂಬಲಿ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮಾರಾಟಕ್ಕೆ ಬಂತು. ವೆಂಕಟರತ್ನಮ್ಮನ ಷರತ್ತು ಒಂದೇ: "ಎಪ್ಪು ಇನ್ಯಾರ್ಗೂ ಕೊಡ್‌ಬ್ಯಾಡ."

ಮಾರಿಯಮ್ಮ ಕೊಟ್ಟಳು. ಪಕ್ಕದ ನಂದಿದುರ್ಗ ಗಣಿ ಲೈನಿನ ಪುಷ್ಪ ಲೋಟ ಹಿಡಿದು ಬಾಗಿಲಲ್ಲಿ ನಿಂತಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸುದ್ದಿ ತಿಳಿದ ವೆಂಕಟರತ್ನಮ್ಮ ಮಾತು ಬಿಟ್ಟಳು. ಉರಿಗಾಂಗೆ ಹಾಲಿನ ಕ್ಯಾನು ಮಾತ್ರ ಹೋಗುತ್ತಿತ್ತು.

ಒಂದು ದಿನ ಸಂಘದಲ್ಲಿ ಯಾರೋ ಕಾಯಿಲೆಗೆ ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನೂ ಕ್ಯಾನಿಗೆ ಸುರಿದರು. ಗೊತ್ತಿಲ್ಲದ ವೆಂಕಟರತ್ನಮ್ಮ ಇದ್ದ ಹೆಪ್ಪನ್ನೆಲ್ಲ ಅದಕ್ಕೇ ಹಾಕಿದಳು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಔಷಧಿ ಹೆಪ್ಪನ್ನು ಕೊಂದಿತ್ತು. ಅತ್ತೆ ಇನ್ನೊಮ್ಮೆ ಸತ್ತಳೆಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಸೆರಗಿನಡಿ ಕುಡಿಕೆ ಮುಚ್ಚಿಕೊಂಡು ಉರಿಗಾಂನಲ್ಲಿ ಬಸ್ಸಿಳಿದಳು. ಮಜ್ಜಿಗೆಗೆ ಬಂದು ಗಡಿಗೆ ಬಚ್ಚಿಡುವುದೆಂದರೆ ಇದೇ ನೋಡಿ.

"ನಿಮ್ ಆಲೇ ಅಲ್ವಾಕ್ಕಾ ನಮ್ಗೂ ಬಂದಿದ್ದು, ನಮ್ದೂ ಓಯ್ತು," ಎಂದಳು ಮಾರಿಯಮ್ಮ. ಕುಡಿಕೆಯನ್ನು ತಾನೇ ಕೈಗೆ ತೆಗೆದುಕೊಂಡಳು. "ಬನ್ನಿ, ಪುಷ್ಪನ್ ಮನೇಗ್ ಓಗಾನ. ಅವ್ಳಿಗೆ ಅವ್ಳದೇ ಎಮ್ಮೆ ಐತೆ."

ಇಬ್ಬರೂ ನಡೆದರು. ಗಣಿಮಣ್ಣಿನ ಬಿಳಿ ದಿಬ್ಬಗಳು ಹೊಂಬೆಳಕಲ್ಲಿ ನೆಲ ಬಿಟ್ಟು ತೇಲುತ್ತಿದ್ದವು. ಗಾಳಿಗೆ ಎದ್ದ ಧೂಳು ಯಾವುದು, ಒಲೆಯ ಹೊಗೆ ಯಾವುದು ತಿಳಿಯುತ್ತಿರಲಿಲ್ಲ. ಕೆಳಗೆ ನೀರು ತುಂಬಿದ ಸುರಂಗಗಳಲ್ಲಿ ಯಾರೋ ಹಾಲು ಕರೆಯುತ್ತಿರುವ ಸದ್ದು ಬಂದಂತಾಯಿತು ವೆಂಕಟರತ್ನಮ್ಮನಿಗೆ.

ಅವರು ಹೋಗುವಷ್ಟರಲ್ಲಿ ಪುಷ್ಪ ದೀಪ ಹಚ್ಚಿಬಿಟ್ಟಿದ್ದಳು. ವೆಂಕಟರತ್ನಮ್ಮ ಬಾಗಿಲಲ್ಲೇ ನಿಂತಳು.

"ದೀಪ ಅಚ್ಚಿದ್ಮ್ಯಾಲೆ ಎಪ್ಪು ಕೊಡಂಗಿಲ್ಲ, ಅಲ್ವೇನವ್ವಾ?"

"ಇದು ಕೊಡಾದಲ್ಲಕ್ಕಾ," ಎಂದಳು ಪುಷ್ಪ, ಕುಡಿಕೆ ತುಂಬಿಸುತ್ತ. "ಮನೇಗ್ ಕಳ್ಸಾದು."

ವೆಂಕಟರತ್ನಮ್ಮ ಕುಡಿಕೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಅತ್ತೆ ಇದ್ದಳು. ತುಸು ಎಮ್ಮೆ ವಾಸನೆ ಸೇರಿತ್ತು, ಅಷ್ಟೇ.

ಹೊಸ್ತಿಲು ದಾಟಿದವಳು ತಿರುಗಿ ನಿಂತಳು.

"ಯಾರ್ ಕೇಳಿದ್ರೂ ಕೊಡವ್ವಾ. ಇಲ್ಲ ಅನ್‌ಬ್ಯಾಡ."