ಅಕ್ಕ ಬಣ್ಣ ಹಚ್ಚಿದ ಜೀಪು

ಮೂರು ದಿನದಿಂದ ನಾನು ಆ ಜೀಪಿನ ಅಡಿಯಲ್ಲೇ ಬಿದ್ದುಕೊಂಡಿದ್ದೆ. ಅರವತ್ತರ ಹತ್ತಿರ ಬಂದ ಆಟೋ ಎಲೆಕ್ಟ್ರಿಷಿಯನ್ನನ ಬೆನ್ನು ಅದನ್ನೆಲ್ಲ ತಡೆಯುವುದಿಲ್ಲ. ಮಲಗಿದರೆ ಏಳಲಾಗುವುದಿಲ್ಲ, ಎದ್ದರೆ ಬಗ್ಗಲಾಗುವುದಿಲ್ಲ. ಬೈದುಕೊಂಡೇ ಕೆಲಸ ಮಾಡುತ್ತಿದ್ದೆ. ಬೈಗುಳವೆಲ್ಲ ಜೀಪಿನ ಯಜಮಾನರಿಗೆ, ಅಂದರೆ ಅಕ್ಕನ ಗಂಡ, ನನ್ನ ಭಾವನಿಗೆ. ಅವರು ತೀರಿಕೊಂಡು ಆರು ವರ್ಷ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಹಾಗನ್ನುವವರು ಯಾರೂ ಭಾವನ ವೈರಿಂಗ್ ನೋಡಿಲ್ಲ.

ಜೀಪು ಭಾನುವಾರ ಮಧ್ಯಾಹ್ನದೊಳಗೆ ಹೊರಡಲೇಬೇಕಿತ್ತು. ಅಕ್ಕನ ಮಗಳಿಗೆ ನಾಲ್ಕು ವರ್ಷ ಕಾದ ಮೇಲೆ ನರ್ಸ್ ಕೆಲಸ ಸಿಕ್ಕಿತ್ತು, ಬೆಟ್ಟದ ಮೇಲಿನ ಒಂದು ಪುಟ್ಟ ಆಸ್ಪತ್ರೆಯಲ್ಲಿ. ಬಸ್ಸು ಬೆಟ್ಟದ ಬುಡದವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಹದಿನೆಂಟು ಕಿಲೋಮೀಟರ್ ಕಲ್ಲುದಾರಿ. ಚದುರಿದ ಮನೆಗಳಿಗೆಲ್ಲ ಹೋಗಿ ಬರಬೇಕಾದ ಕೆಲಸವಾದ್ದರಿಂದ ಆ ದಾರಿ ಹತ್ತುವ ಸ್ವಂತ ಗಾಡಿ ಇರಬೇಕು ಅಂತ ಆದೇಶದಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಾಡಿ ಸಮೇತ ಹಾಜರಾಗದಿದ್ದರೆ ಕೆಲಸ ಪಟ್ಟಿಯಲ್ಲಿ ಅವಳ ನಂತರದವರ ಪಾಲು. ಮನೆಯಲ್ಲಿ ಇದ್ದದ್ದು ಇದೊಂದೇ ಗಾಡಿ.

ಹಿತ್ತಲ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಆರು ವರ್ಷ ನಿಂತ ಜೀಪು ನೋಡಲು ಮಾತ್ರ ಬೆಳಗಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಅಕ್ಕ ಪ್ರತಿ ವರ್ಷ ಅದನ್ನು ಒರೆಸಿ, ಉಜ್ಜಿ, ತಾನೇ ಬಣ್ಣ ಹಚ್ಚುತ್ತಿದ್ದಳು. ಎಂಜಿನ್ ಮೇಸ್ತ್ರಿ ಬಂದು ಟ್ಯಾಂಕು ತೊಳೆದು, ಎಣ್ಣೆ ಬದಲಿಸಿ, ಎಂಜಿನ್ನಿಗೆ ಏನೂ ಆಗಿಲ್ಲ, ಇನ್ನು ನಿನ್ನ ಕರೆಂಟಿನ ಕೆಲಸ ಅಂತ ನನ್ನ ತಲೆಗೆ ಕಟ್ಟಿ ಹೋದ. ನಾನು ಹೊಸ ಬ್ಯಾಟರಿ ಇಟ್ಟು ಕೀಲಿ ತಿರುಗಿಸಿದೆ. ಟಿಕ್ ಅಂದಿತು, ಅಷ್ಟೇ. ಹಾರನ್ ಒತ್ತಿದರೆ ಮುಂದಿನ ದೀಪ ಮಂಕಾಗುತ್ತಿತ್ತು. ಎಡಗಡೆ ಇಂಡಿಕೇಟರ್ ಹಾಕಿದರೆ ಬಲಗಡೆಯದೂ ಕಣ್ಣು ಮಿಟುಕಿಸುತ್ತಿತ್ತು. ತಲೆ ಚಿಟ್ಟು ಹಿಡಿಯಿತು.

ಭಾವ ಸರ್ವೆ ಇಲಾಖೆಯವರು. ಗಾಡಿ ಕೆಲಸವನ್ನು ಪುಸ್ತಕ ಓದಿ ಕಲಿತವರು. ಎಲ್ಲಿಂದಲೋ ಒಂದು ದೊಡ್ಡ ಸುರುಳಿ ಹಸಿರು ವೈರು ತಂದು ಇಡೀ ಜೀಪಿಗೆ ಅದನ್ನೇ ಎಳೆದಿದ್ದರು. ದೀಪಕ್ಕೂ ಹಸಿರು, ಹಾರನ್ನಿಗೂ ಹಸಿರು. ಗುರುತಿಗೆ ದಾರದ ಗಂಟು: ಒಂದು ಗಂಟು ದೀಪ, ಎರಡು ಗಂಟು ಹಾರನ್, ಹೀಗೆ. ಸುತ್ತಮುತ್ತಲ ಗಾಡಿಗಳೆಲ್ಲ ನನ್ನ ಅಂಗಡಿಗೆ ಬರುತ್ತಿದ್ದವು, ನನ್ನ ಅಕ್ಕನ ಮನೆಯ ಜೀಪು ಮಾತ್ರ ಮೂವತ್ತು ವರ್ಷ ಬರಲಿಲ್ಲ. ಕೇಳಿದರೆ, ನಿನಗ್ಯಾಕಪ್ಪ ತೊಂದರೆ ಅಂತ ನಗುತ್ತಿದ್ದರು. ಆ ನಗು ನನಗೆ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅಂತಲೇ ಅನ್ನಿ, ಸುಳ್ಳು ಹೇಳುವ ವಯಸ್ಸು ನನ್ನದಲ್ಲ.

ಹಾಗಾಗಿ ತಪ್ಪು ಅವರ ವೈರಿಂಗಿನದೇ ಅಂತ ನೋಡುವ ಮೊದಲೇ ತೀರ್ಮಾನಿಸಿದ್ದೆ. ಶುಕ್ರವಾರ ಫ್ಯೂಸುಗಳನ್ನೆಲ್ಲ ಬದಲಿಸಿದೆ. ಶನಿವಾರ ಇಲಿ ಕಡಿದ ಎರಡು ವೈರು ಸಿಕ್ಕವು, ಜೋಡಿಸಿದೆ. ಸ್ಟಾರ್ಟರ್ ಮೋಟಾರನ್ನೇ ಬಿಚ್ಚಿ ನೆಲದ ಮೇಲಿಟ್ಟು ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟರೆ ಭರ್ರನೆ ತಿರುಗಿತು. ಮತ್ತೆ ಜೀಪಿಗೆ ಕಟ್ಟಿದರೆ ಟಿಕ್. ಒಂದೊಂದು ಸೋಲಿಗೂ ಒಂದೊಂದು ಬೈಗುಳ. ಇದೇನು ವೈರಿಂಗೋ ಬೇಲಿಗೆ ಹಬ್ಬಿದ ಬಳ್ಳಿಯೋ ಅಂದೆ. ಇಂಥ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದಾರಲ್ಲ, ದಾರಿಯಲ್ಲಿ ಹೊತ್ತಿಕೊಳ್ಳದೆ ಇದ್ದದ್ದು ನಿಮ್ಮ ಪುಣ್ಯ ಅಂತಲೂ ಅಂದೆ. ಅಕ್ಕ ಶೆಡ್ಡಿನ ಹೊಸ್ತಿಲಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಚಹಾ ತಂದಿಟ್ಟು, ಆರಿದ ಲೋಟ ಎತ್ತಿಕೊಂಡು ಹೋಗುತ್ತಿದ್ದಳು.

ಅವಳ ಮಗಳು ನನ್ನನ್ನು ಚಿಕ್ಕಂದಿನಿಂದ ಫ್ಯೂಸ್ ಮಾಮ ಅಂತಲೇ ಕರೆಯುವುದು, ಬೇಗ ಸುಟ್ಟುಹೋಗುತ್ತೇನೆ ಅಂತ. ಭಾನುವಾರ ಬೆಳಿಗ್ಗೆ ಆ ಹೆಸರು ಹಿಡಿದು ಕರೆಯಲಿಲ್ಲ. ಅಮ್ಮ ಊಟ ಸರಿಯಾಗಿ ಮಾಡುತ್ತಿಲ್ಲ, ನಿದ್ದೆಯೂ ಇಲ್ಲ, ಸ್ವಲ್ಪ ಮೆತ್ತಗೆ ಮಾತಾಡು ಮಾಮ ಅಂತ ಕೇಳಿಕೊಂಡಳು. ಬಟ್ಟೆಯ ಪೆಟ್ಟಿಗೆ ಕಟ್ಟಿ ಹಜಾರದಲ್ಲಿ ಇಟ್ಟಾಗಿತ್ತು. ಕೆಲಸ ಕೈತಪ್ಪೀತು ಅನ್ನುವ ಚಿಂತೆ ಅಕ್ಕನಿಗೆ ಅಂದುಕೊಂಡೆ. ನನಗೂ ಅದೇ ಚಿಂತೆ, ಅದಕ್ಕೇ ಬಾಯಿ ಹೀಗಾಗಿದೆ ಅಂದೆ.

ಈಗ ನನ್ನ ಒಂದು ಸೋಮಾರಿತನದ ಮಾತು ಹೇಳಬೇಕು. ಕರೆಂಟು ಬರುತ್ತಿದೆಯೋ ಇಲ್ಲವೋ ನೋಡಲು ನಮ್ಮ ಬಳಿ ಒಂದು ಪುಟ್ಟ ಬಲ್ಬು ಇರುತ್ತದೆ. ಅದರ ಒಂದು ತುದಿ ವೈರಿಗೆ ಮುಟ್ಟಿಸಬೇಕು, ಇನ್ನೊಂದು ತುದಿ ಗಾಡಿಯ ಕಬ್ಬಿಣಕ್ಕೆ. ಪ್ರತಿ ಸಲ ಕಬ್ಬಿಣ ಹುಡುಕಿ ಬಗ್ಗುವುದು ಮಂಡಿಗೆ ಕಷ್ಟವಾಗಿ ಐದಾರು ವರ್ಷದಿಂದ ನಾನು ಆ ತುದಿಗೆ ಉದ್ದನೆಯ ವೈರು ಸೇರಿಸಿ, ನೇರ ಬ್ಯಾಟರಿಯ ಮೈನಸ್ಸಿಗೇ ಕಚ್ಚಿಸಿಬಿಡುತ್ತಿದ್ದೆ. ಜೀಪಿನಲ್ಲೂ ಹಾಗೇ ಮಾಡಿದ್ದೆ. ಎಲ್ಲಿ ಮುಟ್ಟಿಸಿದರೂ ಬಲ್ಬು ಝಗ್ಗನೆ ಹತ್ತುತ್ತಿತ್ತು. ಆದರೂ ಗಾಡಿ ಏಳುತ್ತಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಆ ಉದ್ದನೆಯ ವೈರು ನನ್ನದೇ ಕಾಲಿಗೆ ಸಿಕ್ಕಿ ಬ್ಯಾಟರಿಯಿಂದ ಕಿತ್ತು ಬಂತು. ಎದ್ದು ಬ್ಯಾಟರಿಯವರೆಗೆ ಹೋಗುವ ಶಕ್ತಿ ಇರಲಿಲ್ಲ. ಮಲಗಿದಲ್ಲೇ ಕೈಗೆ ಸಿಕ್ಕ, ಗಾಡಿಯ ತಳದ ಚೌಕಟ್ಟಿನ ಬೋಲ್ಟಿನಲ್ಲಿದ್ದ ಅರ್ತ್ ವೈರಿನ ಹಿತ್ತಾಳೆ ತುದಿಗೆ ಕಚ್ಚಿಸಿದೆ. ಬಲ್ಬು ಮಿಣುಕು ಹುಳದಷ್ಟೂ ಹತ್ತಲಿಲ್ಲ. ಇನ್ನೊಂದು ಬೋಲ್ಟಿಗೆ ಹಾಕಿದೆ. ಅಲ್ಲೂ ಅಷ್ಟೇ.

ಗಾಡಿಯಲ್ಲಿ ಕರೆಂಟು ಹೋಗುವುದು ವೈರಿನಲ್ಲಿ, ಹಿಂತಿರುಗುವುದು ಗಾಡಿಯ ಮೈ ಮೇಲಿಂದ. ಅರ್ತ್ ವೈರಿನ ತುದಿ ಬರಿ ಕಬ್ಬಿಣಕ್ಕೆ ತಾಗಿದರೆ ಮಾತ್ರ ಆ ವಾಪಸು ದಾರಿ ತೆರೆದಿರುತ್ತದೆ. ಬಲ್ಬನ್ನು ನೇರ ಬ್ಯಾಟರಿಗೇ ಕಚ್ಚಿಸಿಕೊಂಡು ನಾನು ಆ ದಾರಿಯನ್ನೇ ನೋಡಿರಲಿಲ್ಲ. ನಾನು ಸ್ಪ್ಯಾನರ್ ಹಾಕಿ ಬೋಲ್ಟು ಬಿಚ್ಚಿದೆ. ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ತುದಿಯ ಅಡಿಯಲ್ಲಿ ದಪ್ಪಗೆ, ನುಣ್ಣಗೆ, ಅಂಚು ಸಮನಾಗಿ ಬಣ್ಣ ಹಚ್ಚಿತ್ತು. ಚಾಕುವಿನಿಂದ ಕೆರೆದೆ. ಪದರ ಪದರವಾಗಿ ಆರು ವರ್ಷದ ಬಣ್ಣ ಎದ್ದು ಬಂತು. ಅದರ ಕೆಳಗೆ ಭಾವ ಮರಳುಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿಟ್ಟ, ನಾಣ್ಯದಗಲದ ದುಂಡನೆಯ ಬರಿ ಕಬ್ಬಿಣ ಕಾಣಿಸಿತು. ನಾನು ಮಾಡಿದ್ದರೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರು ದಿನ ನಾನು ಅದನ್ನೇ ಅಂದಿದ್ದೆ.

ತಪ್ಪನ್ನು ಇಲಿಯ ಮೇಲೆ ಹಾಕಿಬಿಟ್ಟರೆ ಮುಗಿಯುತ್ತದೆ, ಅಕ್ಕನಿಗೆ ಯಾಕೆ ನೋವು ಅನ್ನಿಸಿತು. ಆರು ವರ್ಷ ಗಂಡನ ಗಾಡಿಯನ್ನು ಮಗುವಿನಂತೆ ನೋಡಿಕೊಂಡವಳು. ಆದರೆ ಹೇಳದಿದ್ದರೆ ಮುಂದಿನ ವರ್ಷ ಮಗಳ ಮನೆಗೆ ಡಬ್ಬ, ಬ್ರಷ್ಷು ಹಿಡಿದು ಹೋಗಿ ಮತ್ತೆ ಹಚ್ಚುತ್ತಾಳೆ, ಆ ಹುಡುಗಿ ಬೆಟ್ಟದ ನಡುವೆ ಒಬ್ಬಳೇ ನಿಲ್ಲುತ್ತಾಳೆ. ತೆವಳಿಕೊಂಡು ಹೊರಗೆ ಬಂದು ಅಕ್ಕನ ಪಕ್ಕ ಹೊಸ್ತಿಲಲ್ಲಿ ಕೂತೆ.

"ಅಕ್ಕಾ, ಅಡೀಲಿರೋ ಬೋಲ್ಟುಗಳನ್ನ ಬಿಚ್ಚಿ ಬಣ್ಣ ಹಚ್ಚಿದ್ಯಾ?"

"ಹೂಂ. ತುಕ್ಕು ಶುರುವಾಗೋದೇ ಬೋಲ್ಟಿನ ಅಡಿಯಿಂದ ಅಂತ ಅವರೇ ಹೇಳ್ತಿದ್ರು. ಆರು ಕಡೆ ಹಚ್ಚೋಕೆ ಮರೆತುಬಿಟ್ಟಿದ್ರು. ನಾನು ಹಚ್ಚಿದೆ."

"ಮರೆತಿರ್ಲಿಲ್ಲ ಅಕ್ಕಾ. ಬೇಕಂತಲೇ ಬಿಟ್ಟಿದ್ರು."

ಯಾಕೆ ಬಿಟ್ಟಿದ್ದರು ಅಂತ ವಿವರಿಸಿದೆ. ನಾನು ಮೈನಸ್ಸಿಗೆ ವೈರು ಕಚ್ಚಿಸಿಕೊಂಡು ಮೂರು ದಿನ ಕುರುಡನಾಗಿದ್ದನ್ನೂ ಹೇಳಿದೆ. ಅಕ್ಕ ತನ್ನ ಕೈಗಳನ್ನೇ ನೋಡುತ್ತಿದ್ದಳು.

"ಅಂದ್ರೆ ತಪ್ಪು ನಂದು," ಅಂದಳು.

"ನಿಂದರ್ಧ, ನಂದರ್ಧ."

"ಅವರದಲ್ಲ?"

"ಅವರದು ಕೂದಲೆಳೆಯಷ್ಟೂ ಇಲ್ಲ."

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಹೇಳಬಾರದಿತ್ತು ಅಂದುಕೊಂಡೆ. ಸಮಾಧಾನ ಮಾಡಲು ಬಾಯಿ ತೆರೆದರೆ ಅವಳೇ ಕೈಯೆತ್ತಿ ತಡೆದಳು.

"ಮೂರು ದಿನದಿಂದ ಒಂದೇ ಯೋಚನೆ ಕಣೋ. ಅವರ ಕೆಲಸ ನಂಬಿ ನಾವೆಲ್ಲ ಅಷ್ಟು ವರ್ಷ ಕೂತ್ವಿ. ನೀನು ನೋಡಿದ್ರೆ ಪುಣ್ಯಕ್ಕೆ ಬದುಕಿದ್ರಿ ಅಂತೀಯ. ಈಗ ಮಗೂನ ಅದ್ರಲ್ಲೇ ಬೆಟ್ಟ ಹತ್ತಿಸ್ಬೇಕಲ್ಲ, ಹೇಗೆ ಕಳಿಸ್ಲಿ ಅಂತ. ನನ್ನ ತಪ್ಪಾದ್ರೆ ಏನಂತೆ, ಕೆರೆದು ತೆಗೀಬಹುದು."

ಅವಳ ಊಟ, ನಿದ್ದೆ ಕೆಡಿಸಿದ್ದು ಮಗಳ ಕೆಲಸದ ಚಿಂತೆಯಲ್ಲ. ನನ್ನ ಬಾಯಿ ಮಾಡಿದ ಕೆಲಸ ಅದು.

ಅಕ್ಕ ಎದ್ದು ಮರಳುಕಾಗದ ಕೇಳಿದಳು. ನಾನೇ ಮಾಡುತ್ತೇನೆ ಅಂದರೆ ಬಿಡಲಿಲ್ಲ. ಹಳೆ ಗೋಣಿ ಹಾಸಿಕೊಂಡು ಅರವತ್ತಮೂರರ ಹೆಂಗಸು ಜೀಪಿನ ಅಡಿಗೆ ತೂರಿದಳು. ನಾನು ಬೋಲ್ಟು ಬಿಚ್ಚಿ ಕೊಡುತ್ತಿದ್ದೆ, ಅವಳು ತಾನು ಹಚ್ಚಿದ್ದನ್ನು ತಾನೇ ಉಜ್ಜಿ ತೆಗೆಯುತ್ತಿದ್ದಳು. ಆರು ಕಡೆಯೂ ಬಣ್ಣದ ಕೆಳಗೆ ಅದೇ ದುಂಡನೆಯ ಬೆಳ್ಳಗಿನ ಕಬ್ಬಿಣ. ಒಂದೊಂದು ಕಂಡಾಗಲೂ ಅಕ್ಕ ಬೆರಳಿಂದ ಸವರಿ ನೋಡುತ್ತಿದ್ದಳು. ತುದಿಗಳನ್ನು ಕೂರಿಸಿ ಬಿಗಿ ಮಾಡಿ, ಮೇಲಿಂದ ಗ್ರೀಸು ಸವರುವ ಹೊತ್ತಿಗೆ ಹನ್ನೆರಡೂವರೆ ಆಗಿತ್ತು.

ಅಕ್ಕನ ಮಗಳು ಕೂತು ಕೀಲಿ ತಿರುಗಿಸಿದಳು. ಎರಡು ಸುತ್ತು ಗೊಣಗಿ ಮೂರನೆಯದಕ್ಕೆ ಎಂಜಿನ್ ಹಿಡಿಯಿತು. ಶೆಡ್ಡಿನ ತಗಡೆಲ್ಲ ನಡುಗಿತು. ದೀಪ ಸರಿ, ಹಾರನ್ ಸರಿ, ಎಡಕ್ಕೆ ಹಾಕಿದರೆ ಎಡವೇ ಮಿಟುಕಿತು. ಆ ಹುಡುಗಿ ಸ್ಟೇರಿಂಗಿಗೆ ಹಣೆ ಒತ್ತಿದಳು. ಆಮೇಲೆ ಇಳಿದು ಪೆಟ್ಟಿಗೆ ತಂದು ಹಿಂದೆ ಇಟ್ಟಳು, ಅಮ್ಮನನ್ನು ತಬ್ಬಿಕೊಂಡಳು, ಗಾಡಿ ಹತ್ತಿದಳು. ನಾನು ಬಾಗಿಲು ಹಾಕಲು ಹೋದರೆ ಅಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಇರು. ಮೂರು ದಿನ ಅವಳ ಮುಂದೆ ಅವರಪ್ಪನ್ನ ಬೈದಿದ್ದೀಯ. ಹೋಗೋಕೆ ಮುಂಚೆ ಅವಳಿಗೆ ನಿಜ ಹೇಳು."

ಮೂವತ್ತು ವರ್ಷ ಭಾವನ ಎದುರು ನಿಂತಾಗ ಒಂದು ಸಲವೂ ನನ್ನ ಬಾಯಿಂದ ಹೊರಡದ ಮಾತದು. ತಲೆ ತಗ್ಗಿಸಿ ಹೇಳಿದೆ.

"ನಿಮ್ಮಪ್ಪ ನನಗಿಂತ ಚೆನ್ನಾಗಿ ಕೆಲಸ ಮಾಡಿದ್ದಾರೆ ಮಗೂ. ಧೈರ್ಯವಾಗಿ ಹೋಗು."

ಎಂಜಿನ್ನಿನ ಸದ್ದು ಜೋರಿತ್ತು. ಅವಳು ಕಿವಿಗೆ ಕೈ ಹಿಡಿದು, ಏನಂದೆ ಮಾಮ ಅಂದಳು. ಅಕ್ಕ ಬಾಗಿಲಿಂದ ಕೈ ತೆಗೆಯಲಿಲ್ಲ. ಇನ್ನೊಂದು ಸಲ ಹೇಳಿದೆ, ಈ ಸಲ ಬೀದಿಗೆಲ್ಲ ಕೇಳುವ ಹಾಗೆ.