ಬಾಡಿಗೆ ಗೋಡೆಯ ಮೊಳೆ

ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂಬುದು ಬೇಲೂರಿನ ಮನೆ ಮಾಲೀಕರೆಲ್ಲ ಒಟ್ಟಿಗೆ ಕೂತು ಮಾಡಿದ ಕಾನೂನಿರಬೇಕು. ಪುಷ್ಪಲತಾ ಮದುವೆಯಾಗಿ ಬಂದ ಇಪ್ಪತ್ತಾರು ವರ್ಷಗಳಲ್ಲಿ ಐದು ಬಾಡಿಗೆ ಮನೆ ಕಂಡಳು. ಮದುವೆಯ ಫೋಟೊ ಐದರಲ್ಲೂ ಬೀರುವಿನ ಮೇಲೆ ಒರಗಿಕೊಂಡೇ ಇತ್ತು.

ಗಂಡ ರಾಜಶೇಖರ್ ಖಾಸಗಿ ಕಾಲೇಜಿನ ಗುಮಾಸ್ತ. ಸರ್ಕಾರದ ಪಿಂಚಣಿ ಇಲ್ಲ. ಮೂರು ವರ್ಷದ ಹಿಂದೆ, ಅರಸೀಕೆರೆಯಲ್ಲಿ ಅವಳ ತವರಿನ ಹತ್ತಿರ, ಹಾರನಹಳ್ಳಿ ರಸ್ತೆಯಲ್ಲಿ ಕಂತಿನ ಮೇಲೆ ಸೈಟು ಸಿಗುವುದಿತ್ತು. ಸಂಬಳದಲ್ಲಿ ಮಿಗುತ್ತಿದ್ದ ದುಡ್ಡು ಒಂದೋ ಆ ಕಂತಿಗೆ, ಇಲ್ಲವೇ ಮುಪ್ಪಿಗೆಂದು ಅವನೇ ತೆರೆದಿದ್ದ ಪಿಂಚಣಿ ಖಾತೆಗೆ ಹೋಗಬೇಕು. ಎರಡಕ್ಕೂ ಸಾಲದು.

ಇಬ್ಬರೂ ಹೋಗಿ ನೋಡಿದರು. ಅವಳು ಬಯಲಲ್ಲೇ ಹೆಜ್ಜೆ ಅಳೆದು ಅಡುಗೆಮನೆ, ಪಡಸಾಲೆ ಎಲ್ಲ ಕಟ್ಟಿಬಿಟ್ಟಳು.

"ಇಲ್ಲಿ ಗೋಡೆ ಬತ್ತದೆ. ಮೊದಲನೇ ಮೊಳೆ ನಾನೇ ಹೊಡಿಯೋದು ಕಣ್ರೀ."

"ಅರವತ್ತಾದ್ಮೇಲೆ ಗೋಡೆ ತಿನ್ನಕ್ಕಾಗುತ್ತೇನೇ?" ಅಂದ ರಾಜಶೇಖರ್.

ಅವನ ಭಯವೂ ಸುಳ್ಳಲ್ಲ. ನಲವತ್ತು ತೆಂಗಿನಮರವಿದ್ದ ಅಪ್ಪ ಬಿಪಿ ಮಾತ್ರೆಗೆ ಮಕ್ಕಳ ಮುಂದೆ ಕೈಯೊಡ್ಡಿದ್ದನ್ನು ಅವನು ಕಂಡಿದ್ದ. ದುಡ್ಡು ಪಿಂಚಣಿ ಖಾತೆಗೇ ಹೋಯಿತು. ಪುಷ್ಪಲತಾ ಜಗಳವಾಡಿದ್ದರೆ ಚೆನ್ನಾಗಿತ್ತು. ಸೈಟಿನ ಮಾತನ್ನೇ ಮತ್ತೆ ಎತ್ತಲಿಲ್ಲ.

ಈ ಯುಗಾದಿ ಕಳೆದ ಮೇಲೆ ಬಂದ ಜ್ವರ ಎಂಟೇ ದಿನದಲ್ಲಿ ಅವಳನ್ನು ಕೊಂಡೊಯ್ದಿತು. ಅವನಿಗಿನ್ನೂ ಐವತ್ನಾಲ್ಕು. ಇಬ್ಬರೂ ಕೂತು ಉಣ್ಣಲೆಂದು ಕೂಡಿಟ್ಟ ದುಡ್ಡು ಅದು; ಖಾತೆಯ ನಾಮಿನಿ ಜಾಗದಲ್ಲಿ ಅವಳದೇ ಹೆಸರು. ಮನುಷ್ಯ ಮುಪ್ಪಿಗೆ ಹೆದರುತ್ತಾನೆ, ಮುಪ್ಪು ಬರದೇ ಹೋದೀತೆಂದು ಯಾರೂ ಯೋಚಿಸುವುದಿಲ್ಲ.

ಶಿವಗಣಾರಾಧನೆಯ ದಿನ ಅವಳ ಫೋಟೊಗೆ ವಿಭೂತಿ ಹಚ್ಚಿ, ಹಾರ ಹಾಕಿ ಕುರ್ಚಿಯ ಮೇಲೆ ಕೂರಿಸಿದ್ದರು. ಬಂದವರೆಲ್ಲ ಉಂಡು ಹೋದರು. ಮನೆ ಮಾಲೀಕ ಶಿವಪ್ರಕಾಶ್ ಕೈ ತೊಳೆದು ಬಂದವರು ಫೋಟೊವನ್ನೇ ನೋಡುತ್ತ ನಿಂತರು. ಆಮೇಲೆ ಮೇಲಿನ ತಮ್ಮ ಮನೆಗೆ ಹೋಗಿ ಸುತ್ತಿಗೆ, ಮೊಳೆ ತಂದು ಕೊಟ್ಟರು.

"ಅಮ್ಮನ್ನ ಹಿಂಗೆ ಕುರ್ಚಿ ಮೇಲೆ ಇಡಬಾರದು ಸಾರ್. ಎಲ್ಲಿ ಬೇಕೋ ಅಲ್ಲಿ ಹೊಡೀರಿ."

ರಾಜಶೇಖರ್ ಹೊಡೆದ. ಮೂರನೇ ಪೆಟ್ಟಿಗೆ ಗಾರೆ ಉದುರಿತು. 'ಮೆಲ್ಲಗೆ, ಓನರ್ ಬೈತಾರೆ' ಎಂಬ ಅವಳ ದನಿ ಬಂದೀತೆಂದು ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.

"ಮೊದಲನೇ ಮೊಳೆ ತಾನೇ ಹೊಡೀತೀನಿ ಅಂದಿದ್ಲು," ಎಂದು ಸುತ್ತಿಗೆ ಹಿಡಿದುಕೊಂಡೇ ಅಳತೊಡಗಿದ. ಫೋಟೊವನ್ನು ಕೊನೆಗೆ ಶಿವಪ್ರಕಾಶರೇ ಎತ್ತಿ ತೂಗುಹಾಕಿದರು.